ಎದುರು ಅಂಗಡಿಯ ಹಗ್ಗ

ಹದಿನೆಂಟು ಸಾವಿರ ರೂಪಾಯಿಯ ಮಾಲು: ಹಗ್ಗ, ಗೆಜ್ಜೆ, ಎತ್ತಿನ ಕೊಂಬಿಗೆ ಕಟ್ಟುವ ಗೊಂಡೆ. ವಿಜಯಪುರದ ಮ್ಯೂಸಿಯಮ್ಮಿನಲ್ಲಿ ನಡೆಯುವ ಹಬ್ಬಗಳ ಮೋಜಿನ ಕಲಾಪ್ರದರ್ಶನಕ್ಕೆ ಬೇಕಿತ್ತು. ರೇಟು ಹೇಳಿದವ ನಾನು, ಆರ್ಡರು ಒಯ್ದವ ನನ್ನ ಅಂಗಡಿಯ ಎದುರಿನವ. ಮೂವತ್ತು ವರ್ಷದಿಂದ ನಮ್ಮಿಬ್ಬರ ವ್ಯಾಪಾರ ಹೀಗೇ ನಡೆದಿದೆ. ಪ್ರದರ್ಶನ ಮುಂದಿನ ತಿಂಗಳು ತಿಕೋಟಾ, ಬಬಲೇಶ್ವರಕ್ಕೆ ಹೋಗುವುದಿತ್ತು. ಅಲ್ಲಿಗೆ ಬೇರೆ ಮಾಲು ಬೇಕು. ಎದುರಿನವನ ಮಾಲಿನಲ್ಲಿ ಒಂದು ಹುಳುಕು ಸಿಕ್ಕರೆ ಆ ಆರ್ಡರು ನನ್ನದು.

"ನಡಿ, ಕಲಾ ನೋಡಿ ಬರೂಣು" ಎಂದೆ ಹೆಂಡತಿಗೆ. ಆಕೆ ನನ್ನ ಹಣೆ ಮುಟ್ಟಿ ನೋಡಿದಳು.

ಕೂಗುವ ಎತ್ತು

ಬಾಗಿಲಲ್ಲೇ ಆಳೆತ್ತರದ ಬಟ್ಟೆಯ ಎತ್ತು. ಕೊರಳ ಗೆಜ್ಜೆ ಜಗ್ಗಿದರೆ 'ಅಂಬಾ' ಅನ್ನುತ್ತಿತ್ತು. ಒಂದಾದರೂ ಕಿತ್ತು ಬರಲಿ ಎಂದು ಗೆಜ್ಜೆಗಳನ್ನು ಒಂದೊಂದಾಗಿ ಜಗ್ಗುತ್ತ ಹೋದೆ. ಎತ್ತು ಹದಿಮೂರು ಸಲ ಕೂಗಿತು.

ಹಿಂದೆ ಪಾಳಿಯಲ್ಲಿದ್ದ ಮುದುಕಿ ಮಗಳಿಗೆ ಹೇಳಿದಳು: "ಇರ‍್ಲಿ ತಡಿ ಬೇ. ಪಾಪ, ಸಣ್ಣಾಂವ ಇದ್ದಾಗ ಆಟದ ಸಾಮಾನು ಸಿಕ್ಕಿಲ್ಲ ಕಾಣ್ತದ."

ಟಾವೆಲಿನ ಕೆಳಗೆ

ಕಳ್ಳಕವಟಗಿಯ ರೈತನೊಬ್ಬ ಎತ್ತನ್ನು ಸುತ್ತು ಹಾಕಿ ನೋಡಿ, ಪಕ್ಕದಲ್ಲಿದ್ದ ಪ್ರದರ್ಶನದ ಕಲಾವಿದನ ಕೈ ಮೇಲೆ ಟಾವೆಲು ಹೊದಿಸಿ, ಒಳಗಿಂದ ಬೆರಳು ಹಿಡಿದ. ದನದ ಸಂತೆಯಲ್ಲಿ ರೇಟು ಕೇಳುವುದು ಹಾಗೆಯೇ. ಬಾಯಿ ಬಿಡುವಂತಿಲ್ಲ, ಬೆರಳು ಒತ್ತಬೇಕು; ಎತ್ತಿಗಾದರೆ ಬೆರಳಿಗೆ ಹತ್ತು ಸಾವಿರ. ಕಲಾವಿದ ಕರಾವಳಿಯವ. ಇದು ಈ ಕಡೆಯ ನಮಸ್ಕಾರ ಎಂದುಕೊಂಡು ಐದೂ ಬೆರಳು ಕೂಡಿಸಿ ಪ್ರೀತಿಯಿಂದ ಒತ್ತಿದ.

ರೈತ ಹೌಹಾರಿದ. "ಐವತ್ತ ಸಾವಿರೇನ್ರಿ ಯಪ್ಪಾ! ಹೊಲಾ ಹೂಡಂಗಿಲ್ಲ, ಸಗಣಿ ಹಾಕಂಗಿಲ್ಲ! ಹೋಗ್ಲಿ, ಗೆಜ್ಜಿ ಛಲೋ ಅದಾವು, ಎಲ್ಲಿ ತಂದ್ರಿ?"

ಕಲಾವಿದ ಎದುರು ಅಂಗಡಿಯ ವಿಳಾಸ ಬರೆದುಕೊಟ್ಟ. ಬರೆಯಲು ಪೆನ್ನು ಕೊಟ್ಟವ ನಾನು.

ಜೋಕಾಲಿ

ಕೊನೆಗೆ ಪಂಚಮಿಯ ಜೋಕಾಲಿ. ಎತ್ತರ ಜೀಕಿದಷ್ಟೂ ಗೋಡೆಯ ಮೇಲೆ ಆಕಾಶಬುಟ್ಟಿಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ನನ್ನ ತೂಕ ತೊಂಬತ್ತನಾಲ್ಕು ಕಿಲೋ. ಇಂಥ ಭಾರಕ್ಕೆ ಎದುರಿನವನ ಹಗ್ಗ ನಿಲ್ಲುವುದುಂಟೆ? ಏರಿ ಕೂತೆ.

"ಜೋರ ತೂಗು!"

"ಈ ವಯಸ್ಸಿನ್ಯಾಗ ಏನ್ರಿ ನಿಮ್ದು?" ಎನ್ನುತ್ತಲೇ ಹೆಂಡತಿ ಮೈಬಲವೆಲ್ಲ ಹಾಕಿ ತಳ್ಳಿದಳು. ಬುಟ್ಟಿಗಳೆಲ್ಲ ಹೊತ್ತಿದವು. ಜನ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ 'ಪರ್ರ್' ಎಂದು ಸಪ್ಪಳವಾಯಿತು. ನನಗೆ ಹಬ್ಬವೇ ಬಂದಂತಾಯಿತು.

"ಹರೀತು! ಎಲ್ಲಾರೂ ನೋಡ್ರಿ, ಹರೀತು!" ಎಂದು ಕೂಗಿದೆ. ಎಲ್ಲರೂ ನೋಡಿದರು.

ಹೆಂಡತಿ ಕಿವಿಯ ಹತ್ತಿರ ಬಂದು, "ಹಗ್ಗ ಅಲ್ಲ, ನಿಮ್ಮ ಪ್ಯಾಂಟು" ಎಂದಳು.

ಕಲಾವಿದ ಓಡಿಬಂದು ನನ್ನ ಕೈ ಕುಲುಕಿದ. "ಇಷ್ಟು ಭಾರ ತಡೆಯಿತಲ್ಲ ಸಾರ್! ತಿಕೋಟಾ, ಬಬಲೇಶ್ವರಕ್ಕೂ ಅದೇ ಅಂಗಡಿಯ ಹಗ್ಗ ಹೇಳಿಬಿಡ್ತೇನೆ."

ಲಾಭದ ಲೆಕ್ಕ ಇಷ್ಟು: ಎದುರಿನವನಿಗೆ ಎರಡೂ ಊರಿನ ಆರ್ಡರು. ನನಗೆ, ಆಟೋ ಸಿಗುವವರೆಗೂ ಬೆನ್ನಿಗೆ ಅಂಟಿಕೊಂಡೇ ನಡೆದ ಹೆಂಡತಿ.