ಕಾಕಾ ಮತ್ತು ಗದ್ದಲ ತೆಗೆಯುವ ಗುಂಡಿ

ನಮ್ಮೂರಲ್ಲಿ ಯಾರನ್ನಾದರೂ ನಿಲ್ಲಿಸಿ ಕೇಳಿ, ನಮ್ಮ ಕಾಕಾನ ಬಗ್ಗೆ ಒಂದೇ ತೀರ್ಪು ಸಿಗುತ್ತದೆ: "ಛಲೋ ಮನಷ್ಯಾ ಇದ್ದರೀ. ಮೊಬೈಲ್ ಬಂತು, ಕೆಟ್ಟ."

ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಮೊದಲನೆಯ ಕಾರಣ, ಕೆಡುವುದಕ್ಕೆ ಮೊಬೈಲ್ ಬರುವತನಕ ಕಾಯುವಷ್ಟು ತಾಳ್ಮೆ ಕಾಕಾನಿಗೆ ಎಲ್ಲಿತ್ತು? ಅದಕ್ಕೂ ಎಷ್ಟೋ ವರ್ಷ ಮೊದಲೇ ಅವನು ರುಮಾಲಿನ ಸುತ್ತಿನೊಳಗೆ ಸಣ್ಣ ರೇಡಿಯೊ ಸಿಕ್ಕಿಸಿಕೊಂಡು, ನೆತ್ತಿಯಿಂದಲೇ ವಾರ್ತೆ ಬಿತ್ತರಿಸುತ್ತಾ, ಕುರಿ ಹೊಡೆದುಕೊಂಡು ಊರೊಳಗೆ ಬಂದವನು. ಎರಡನೆಯ ಕಾರಣ, ತೀರ್ಪು ಕೊಡುವವರಲ್ಲಿ ಒಬ್ಬರೂ ಮಧ್ಯಾಹ್ನದ ಹೊತ್ತು ಹಳ್ಳದ ದಂಡೆಯ ಬೇವಿನ ಗಿಡದ ಕೆಳಗೆ ಕೂತು, ಆ ಮೊಬೈಲಿನಲ್ಲಿ ಅವನು ಮಾಡುವುದೇನು ಎಂದು ನೋಡಿಲ್ಲ. ನಾನು ನೋಡಿದ್ದೇನೆ. ನೋಡಿ, ಅವನ ಜೊತೆ ವಾದ ಮಾಡಿ, ಗೆದ್ದು, ಆ ಗೆಲುವಿನಿಂದಲೇ ಪೆಟ್ಟು ತಿಂದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕಾಕಾ ಎಂದರೆ ಅಪ್ಪನ ತಮ್ಮ. ವಯಸ್ಸು ಐವತ್ತು ದಾಟಿದೆ. ಅಣ್ಣಿಗೇರಿ ಸುತ್ತಲಿನ ಕರಿಮಣ್ಣಿನ ಎರಿ ಹೊಲಗಳಲ್ಲಿ ಕುರಿ ಮೇಯಿಸುತ್ತಾನೆ. ಮಧ್ಯಾಹ್ನ ಕುರಿಗಳು ನೆರಳಿಗೆ ಬಂದು, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ಹಾಕಿ ನಿಂತ ಮೇಲೆ, ಅವನು ಮೂವರು ಹಳೆಯ ಗೆಳೆಯರ ಜೊತೆ ಮೊಬೈಲಿನಲ್ಲಿ ಬಂದೂಕಿನ ಆಟ ಆಡುತ್ತಾನೆ. ನಾಲ್ವರ ತಂಡ ವಿಮಾನದಿಂದ ಒಂದು ದ್ವೀಪಕ್ಕೆ ಹಾರುವುದು, ಬೇರೆ ತಂಡಗಳನ್ನು ಹೊಡೆಯುವುದು, ಕೊನೆಗೆ ಉಳಿದವರು ಗೆದ್ದ ಹಾಗೆ. ಹೊಲದಲ್ಲಿ ಫೋನಿಗೆ ಕರೆಂಟು ಎಲ್ಲಿಂದ ಎನ್ನುತ್ತೀರಾ? ಗುಡಾರದ ಗಂಟು ಹೊರುವ ಕತ್ತೆಯ ಬೆನ್ನಿಗೆ ಒಂದು ಸೋಲಾರ್ ಪ್ಲೇಟು ಕಟ್ಟಿದ್ದಾನೆ. ಕತ್ತೆ ಬಿಸಿಲಿಗೆ ನಿಂತರೆ ಚಾರ್ಜು, ನೆರಳಿಗೆ ಸರಿದರೆ ಇಲ್ಲ. ಕತ್ತೆಯ ಮರ್ಜಿಯ ಮೇಲೆ ನಡೆಯುವ ವಿದ್ಯುತ್ ಯೋಜನೆ ಇದೊಂದೇ ಎಂದು ನಾನು ತಿಳಿದಿದ್ದೆ. ಇನ್ನೂ ಇವೆ ಎಂದು ಬಲ್ಲವರು ಹೇಳುತ್ತಾರೆ.

ಗೆಳೆಯರಲ್ಲಿ ಒಬ್ಬರು ನವಲಗುಂದದಲ್ಲಿ ಟಂಟಂ ಆಟೊ ಓಡಿಸುತ್ತಾರೆ. ಇನ್ನೊಬ್ಬರದು ಕುಬಿಹಾಳದಲ್ಲಿ ಹಿಟ್ಟಿನ ಗಿರಣಿ. ಮೂರನೆಯವರು ಕಲಘಟಗಿಯಲ್ಲಿದ್ದಾರೆ, ಅವರನ್ನು ನಾನು ಮಾಮಾ ಎನ್ನುತ್ತೇನೆ. ಕಾಕಾ ಮತ್ತು ಮಾಮಾ ಇಪ್ಪತ್ತು ವರ್ಷ ತಮ್ಮ ಹಿಂಡುಗಳನ್ನು ಕೂಡಿಸಿ ಮೇಯಿಸಿದವರು. ಹೋದ ವರ್ಷ ಮಾಮಾ ಹೊಲದ ಒಡ್ಡಿನಿಂದ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಈಗ ಎದ್ದು ನಿಲ್ಲುತ್ತಾರೆ, ಅಂಗಳದಾಚೆ ನಡೆಯಲಾರರು. ಕುರಿ ಮಾರಿ, ಕಲಘಟಗಿಯ ಮಗಳ ಮನೆಗೆ ಹೋಗಿ, ಅಳಿಯ ತೊಟ್ಟಿಲುಗಳಿಗೆ ಬಣ್ಣ ಹಚ್ಚುವ ಪಡಸಾಲೆಯ ಒಂದು ಮೂಲೆಯಲ್ಲಿ ಕೂತಿರುತ್ತಾರೆ. ಫೋನು ಮಾಡಿದರೆ "ಆರಾಮ ಅದೀನಿ" ಎಂದು ಇಟ್ಟುಬಿಡುತ್ತಾರೆ. ಅವರು ಬೇರೆಯವರ ಜೊತೆ ಒಂದು ತಾಸು ಕಳೆಯುವುದೆಂದರೆ ಈ ಆಟದಲ್ಲಿ ಮಾತ್ರ. ಅಲ್ಲಿಯೂ ಇತ್ತೀಚೆಗೆ "ನನಗ ಬರಾಂಗಿಲ್ಲ, ನೀವ ಆಡ್ರಿ" ಎಂದು ಬರೆದು ಕಳಿಸಲು ಶುರು ಮಾಡಿದ್ದರು.

ಕಾಕಾನ ತಲೆಯಲ್ಲಿ ಇದ್ದದ್ದು ಒಂದೇ: ಮಾಮಾ ಆಟ ಬಿಡಬಾರದು.

"ಬರದು ಬರದು ಆಡೂದಂದ್ರ ಚೀಟಿ ಕಳಿಸಿ ಜಗಳಾಡಿದಂಗ," ಎಂದ ನನಗೆ. "ಆಡೂ ಮುಂದ ಮಾತು ಬೇಕವಾ. ನೀ ಕಾಲೇಜಿನಾಗ ಮಾತಾಡಿ ಕಪ್ ತಂದಾಕಿ. ಒಂದು ಛಲೋ ಆ್ಯಪ್ ಆರಿಸಿಕೊಡು."

ಕಪ್ಪಿನ ವಿಷಯ ಹೇಳಿಬಿಡುತ್ತೇನೆ. ಚರ್ಚಾಸ್ಪರ್ಧೆಯಲ್ಲಿ ನಾನು ಗೆದ್ದ ಕಪ್ಪಿನಿಂದ ಅವ್ವ ಜೋಳ ಅಳೆಯುತ್ತಾಳೆ. ಶೀಲ್ಡು ಹಿಟ್ಟಿನ ಡಬ್ಬಿಯ ಮೇಲೆ ಮುಚ್ಚಳವಾಗಿ ಕೂತಿದೆ. ಮನೆಯಲ್ಲಿ ಅವುಗಳನ್ನು ಬಹುಮಾನ ಎಂದು ನೆನಪಿಟ್ಟವನು ಕಾಕಾ ಒಬ್ಬನೇ. ಒಪ್ಪಿಕೊಂಡೆ.

ಆಟದೊಳಗೇ ಮಾತಾಡುವ ಸೌಲಭ್ಯ ಇತ್ತು. ಮೊದಲು ಅದನ್ನು ತೆರೆದೆವು. ನಮ್ಮ ತಂಡಕ್ಕೆ ಮಾತ್ರ ಕೇಳುವಂತೆ ಇಡುವ ಬದಲು ನಾನು ಎಲ್ಲರಿಗೂ ಕೇಳುವಂತೆ ಇಟ್ಟಿದ್ದೆ. ಎದುರಾಳಿ ತಂಡದ ಯಾರೋ ಅಪರಿಚಿತ ಕಾಕಾನಿಗೆ ಹಿಂದಿಯಲ್ಲಿ ಬಾಯಿಗೆ ಬಂದಂತೆ ಬೈದ. ಕಾಕಾ ಪೂರ್ತಿ ಕೇಳಿಸಿಕೊಂಡು, "ಊಟಾ ಆತೇನಪಾ?" ಎಂದ. ಆ ಕಡೆಯವನು "ಕ್ಯಾ?" ಎಂದ. ಕಾಕಾ "ಖಾನಾ, ಖಾನಾ" ಎಂದು ಬಿಡಿಸಿ ಹೇಳಿದ. ಆಮೇಲೆ ಆ ಮನುಷ್ಯ ಮೆಲ್ಲಗೆ, ಬೆಳಗಿನಿಂದ ಏನೂ ತಿಂದಿಲ್ಲ ಎಂದು ಹೇಳಿಕೊಳ್ಳತೊಡಗಿದ. ನಿಂತಲ್ಲೇ ನಿಂತು ಮಾತಾಡುತ್ತಿದ್ದ ಅವನನ್ನು ನಮ್ಮ ಟಂಟಂನವರು ಗುಂಡಿಟ್ಟು ಕೆಡವಿದರು. ಕಾಕಾನಿಗೆ ಎರಡು ದಿನ ಬೇಜಾರು. "ಉಪಾಶಿ ಇದ್ದಾವನ್ನ ಹೊಡದಿ ನೋಡಲೇ."

ಬೇರೆ ಆ್ಯಪ್ಪೇ ಬೇಕು ಎಂದಾಯಿತು. ಮೂರನ್ನು ಇಳಿಸಿಕೊಟ್ಟೆ. ಕಾಕಾ ಸಂತೆಯಲ್ಲಿ ಟಗರು ಕೊಳ್ಳುವವನ ಹಾಗೆ ಮೊಬೈಲನ್ನು ತಿರುಗಿಸಿ ತಿರುಗಿಸಿ ನೋಡಿದ. ಹೆಸರು ಬೇಕಾಗಲಿಲ್ಲ, ಬಣ್ಣದ ಮೇಲೆ ಹಸರೀದು, ಕೆಂಪೀದು, ನೀಲೀದು ಎಂದ. "ತೂಕ ಎಷ್ಟು?" ಎಂದು ಕೇಳಿದ. ಎಷ್ಟು ಎಂಬಿ ಎಂದು ಅರ್ಥ. ಬಳಸಿದ ಜನ ಕೊಟ್ಟ ನಕ್ಷತ್ರಗಳನ್ನು ತೋರಿಸಿದೆ.

"ಅದು ಮಾರಾವನ ಮಾತು. ನಾಕ ಹೆಜ್ಜಿ ನಡಸಿ ತೋರಸು."

"ಮಾರಾವರಲ್ಲ ಕಾಕಾ, ತುಗೊಂಡಾವರು ಕೊಟ್ಟಿದ್ದು."

"ತುಗೊಂಡಾಂವಾ, ನಾ ಮೋಸ ಹೋಗೇನಿ ಅಂತ ಯಾವಾಗರ ಹೇಳ್ಯಾನೇನು?"

ನಕ್ಷತ್ರ ಬಿಟ್ಟು, ಒಂದೊಂದನ್ನೇ ನಡೆಸಿ ತೋರಿಸತೊಡಗಿದೆ.

ಹಸರೀದು ಮೊದಲನೇ ದಿನವೇ ಬಿತ್ತು. ನಡುವೆ ಬೇರೆ ಫೋನು ಬಂದರೆ ಅದರಲ್ಲಿ ಮಾತು ಕಡಿಯುತ್ತಿತ್ತು, ಟಂಟಂನವರಿಗಂತೂ ನಿಮಿಷಕ್ಕೊಬ್ಬ ಗಿರಾಕಿ. ಕೆಂಪೀದು ಪಾಸ್‌ವರ್ಡ್ ಕೇಳಿ ಸಿಕ್ಕಿಬಿದ್ದಿತು. "ನನ್ನ ಕುರಿ ಹಟ್ಟಿಗೇ ಮುಳ್ಳಿನ ಬೇಲಿ ಸಾಕಾಗೇತಿ. ಮಾತಾಡಾಕ ಕೀಲಿ ಯಾಕ?" ಎಂದ ಕಾಕಾ. ಉಳಿದದ್ದು ನೀಲೀದು. ಅದಕ್ಕೂ ಪಾಸ್‌ವರ್ಡ್ ಬೇಕಿತ್ತು. ನಾನು ಬಾಯಿ ಬಿಡದೆ ನಾಲ್ವರದ್ದನ್ನೂ ನಾನೇ ಮಾಡಿಟ್ಟೆ. ವಾದದಲ್ಲಿ ಕೆಲವು ಕಾಗದ ಎದುರಿನವರಿಗೆ ತೋರಿಸಬಾರದು.

ನೀಲೀದರಲ್ಲಿ ಒಂದು ಕೋಣೆ ಇರುತ್ತದೆ. ಯಾರೂ ಯಾರಿಗೂ ಫೋನು ಹಚ್ಚಬೇಕಿಲ್ಲ. ಬೇಕಾದಾಗ ಬಂದು ಕೂಡಬಹುದು, ಸಾಕಾದಾಗ ಎದ್ದು ಹೋಗಬಹುದು. ಬಂದವರ ಹೆಸರಿನ ಮುಂದೆ ಹಸಿರು ಚುಕ್ಕೆ ಹತ್ತುತ್ತದೆ. "ಇದು ಊರ ಕಟ್ಟಿ ಇದ್ದಂಗ ಆತು," ಎಂದು ಕಾಕಾ ಖುಷಿಪಟ್ಟ. ಕೋಣೆಗೆ ಹೆಸರಿಡಬೇಕೆಂದೆ. "ಬೇವಿನ ಗಿಡದ ಬುಡ" ಎಂದಿಟ್ಟ.

ಆಟ ಶುರುವಾಯಿತು, ಅನಾಹುತವೂ ಶುರುವಾಯಿತು. ಕಾಕಾ ಒಂದು ಕಣ್ಣು ಮೊಬೈಲಿನ ಮೇಲೆ, ಒಂದು ಕಣ್ಣು ಹಿಂಡಿನ ಮೇಲೆ ಇಡುವವನು. ಒಂದು ದಿನ ನಾಲ್ಕು ಕುರಿ ಬಾಜೂ ಹೊಲದ ಹೆಸರಿನ ಬೆಳೆಯ ಕಡೆ ಹೊರಟವು. "ಎಡಕ್ಕ ತಿರಗ್ರಲೇ, ಎಡಕ್ಕ!" ಎಂದು ಕಾಕಾ ಕೂಗಿದ. ದ್ವೀಪದಲ್ಲಿ ಗಿರಣಿಯವರೂ ಟಂಟಂನವರೂ ಒಮ್ಮೆಲೇ ಎಡಕ್ಕೆ ತಿರುಗಿ, ಬಂಡೆಯಿಂದ ಸಮುದ್ರಕ್ಕೆ ಬಿದ್ದು ಸತ್ತರು. ಕುರಿಗಳು ನೆಟ್ಟಗೆ ಹೋಗಿ ಹೆಸರು ಮೇಯ್ದವು.

"ನಮಗ ಹೇಳಿದ್ದೋ, ಕುರಿಗೆ ಹೇಳಿದ್ದೋ?" ಎಂದು ಗಿರಣಿಯವರು ಕೇಳಿದರು.

"ಕುರಿಗೆ. ಆದರ ಮಾತ ಕೇಳಿದಾವ್ರು ನೀವು," ಎಂದ ಕಾಕಾ.

ಗುಂಡಿ ಒತ್ತಿ ಹಿಡಿದಾಗ ಮಾತ್ರ ಮಾತು ಹೋಗುವಂತೆ ಮಾಡಬಹುದು ಎಂದೆ. ಎರಡೂ ಕೈಯಲ್ಲಿ ಆಟ, ಬಗಲಲ್ಲಿ ಬಡಿಗೆ, ಗುಂಡಿ ಒತ್ತಲು ಕೈ ಎಲ್ಲಿದೆ ಎಂದ. ಒಂದು ದಿನ ಮೂಗಿನಿಂದ ಒತ್ತಿ ನೋಡಿದ. ಮೂಗು ಒತ್ತಿದ್ದು ಬೇರೇನನ್ನೋ. ಮಗ್ಗುಲಲ್ಲೇ ನಿಂತಿದ್ದ ಗಿರಣಿಯವರ ಮೇಲೆ ಬಾಂಬು ಬಿತ್ತು. ಮೈಕು ತೆರೆದೇ ಇರಲಿ ಎಂದು ತೀರ್ಮಾನವಾಯಿತು.

ನನಗೆ ವಿಚಿತ್ರವೆನಿಸಿದ್ದು ಬೇರೆ. ಕಾಕಾ ಆಟದಲ್ಲಿ ಗುಂಡು ಹಾರಿಸುವುದಕ್ಕಿಂತ ಎಣಿಸುವುದೇ ಹೆಚ್ಚು. ಐದು ನಿಮಿಷಕ್ಕೊಮ್ಮೆ "ನಾಕೂ ಅದಾವಿಲ್ಲೋ?" ಎನ್ನುತ್ತಾನೆ, ಸಂಜೆ ಹಟ್ಟಿಯ ಬಾಯಿಗೆ ನಿಂತು ಎಣಿಸುವ ಹಾಗೆ. ಮಾಮಾ ಅಂತೂ ಬಂದೂಕನ್ನೇ ಎತ್ತಿಕೊಳ್ಳುವುದಿಲ್ಲ. ವಿಮಾನದಿಂದ ಇಳಿದವರು ಹುಲ್ಲಿನ ಗುಡ್ಡದ ಮೇಲೆ ಸುಮ್ಮನೆ ನಡೆಯುತ್ತಾರೆ. ಓಡುವುದಿಲ್ಲ, ಅಡಗುವುದಿಲ್ಲ. ಯಾರೋ ಎಲ್ಲಿಂದಲೋ ಹೊಡೆಯುತ್ತಾರೆ, ಬೀಳುತ್ತಾರೆ. ಮುಂದಿನ ಆಟದಲ್ಲಿ ಮತ್ತೆ ನಡೆಯುತ್ತಾರೆ. ಮಾತು ಕಡಿಮೆ. ಆದರೆ ನೀಲೀದು ಬಂದ ಮೇಲೆ ಒಂದು ದಿನವೂ ತಪ್ಪಿಸಿರಲಿಲ್ಲ.

ಉಳಿದ ತೊಂದರೆ ಗದ್ದಲದ್ದು. ಕುಬಿಹಾಳದಲ್ಲಿ ಗಿರಣಿ ಚಾಲೂ ಆದರೆ, ಹೆಲಿಕಾಪ್ಟರ್ ಬಂತೆಂದು ದ್ವೀಪದಲ್ಲಿ ಎಲ್ಲರೂ ತಲೆ ಬಗ್ಗಿಸುತ್ತಿದ್ದರು. ನಮ್ಮ ಕಡೆ ಒಂದು ಮುದಿ ಕರಿ ಕುರಿ. ಅದರ ಕೊರಳಲ್ಲಿ ಒಡಕು ಗಂಟೆ. ಉಳಿದ ಕುರಿಗಳು ನೆರಳಲ್ಲಿ ನಿಂತರೂ ಇದಕ್ಕೆ ವಿಶ್ರಾಂತಿ ಇಲ್ಲ. ರೊಟ್ಟಿ ಚೂರಿನ ಆಸೆಗೆ ಕಾಕಾನ ಸುತ್ತ ಟಣ್ ಟಕ್, ಟಣ್ ಟಕ್ ಎಂದು ತಿರುಗುತ್ತಿರುತ್ತದೆ. ಓಡಿಸು ಎಂದರೆ ಕಾಕಾ ಅದನ್ನು ಇನ್ನಷ್ಟು ಹತ್ತಿರ ಕರೆಯುತ್ತಾನೆ.

ಹುಡುಕಿದಾಗ ಆ್ಯಪಿನಲ್ಲೇ ಗದ್ದಲ ತೆಗೆಯುವ ಗುಂಡಿ ಸಿಕ್ಕಿತು. ಕಾಕಾ ಬೇಡವೆಂದ.

"ಗದ್ದಲ ಯಾವುದು ಅಂತ ಅದಕ್ಕ ಹೆಂಗ ಗೊತ್ತಾಕ್ಕೈತಿ?"

"ಮನಷ್ಯಾರ ಮಾತು ಬಿಟ್ಟು ಉಳದಿದ್ದೆಲ್ಲಾ ಗದ್ದಲ, ಕಾಕಾ."

"ಹಂಗಂತ ಯಾರು ಹೇಳಿದ್ರು?"

"ಆ್ಯಪ್ ಮಾಡಿದಾವರು."

"ಅವರು ಕುರಿ ಕಾದಾರೇನು?"

ನಾನು ಬಿಡಲಿಲ್ಲ. ಆಟಕ್ಕೆ ಬೇಕಾದ್ದು ಮಾತು; ಮಾತು ಕೇಳಿಸದಿದ್ದರೆ ಮೊದಲು ಬೇಸತ್ತು ಬಿಡುವವರು ಮಾಮಾ; ಆದ್ದರಿಂದ ಮಾಮಾನಿಗಾಗಿಯೇ ಈ ಗುಂಡಿ ಒತ್ತಬೇಕು. ಎದುರಾಳಿಯ ಆಯುಧವನ್ನೇ ಅವನ ಕಡೆ ತಿರುಗಿಸುವುದು ಹೀಗೆ. ಗಿರಣಿಯವರೂ ಟಂಟಂನವರೂ ನನ್ನ ಕಡೆ ಬಂದರು. ಮಾಮಾ "ನೀವು ಹೆಂಗಂತೀರಿ ಹಂಗ" ಎಂದರು. ಕಾಕಾ ಸೋತ. ಗಿರಣಿಯವರ ಫೋನಿಗಷ್ಟೇ ಒತ್ತಿದ್ದರೆ ಸಾಕಿತ್ತು. ಆದರೆ ನಿಯಮ ಎಲ್ಲರಿಗೂ ಒಂದೇ ಎಂದು ಭಾಷಣ ಬಿಗಿದು ನಾಲ್ಕೂ ಫೋನುಗಳಲ್ಲಿ ಒತ್ತಿಸಿದೆ.

ಏನು ನಿಶ್ಶಬ್ದ! ಗಿರಣಿ ಇಲ್ಲ, ಟಂಟಂ ಇಲ್ಲ, ಗಂಟೆ ಇಲ್ಲ. ನಾಲ್ಕು ಗಂಟಲು ಮಾತ್ರ. ನಾನು ಹೆಮ್ಮೆಯಿಂದ ಕೂತಿದ್ದೆ. ಗುಡ್ಡದ ಮೇಲೆ ನಡೆಯುತ್ತಿದ್ದ ಮಾಮಾ ನಡುದಾರಿಯಲ್ಲಿ ನಿಂತರು.

"ಯಾಕೋ, ಅದೀಯಿಲ್ಲೋ?" ಎಂದು ಕಾಕಾನನ್ನು ಕೇಳಿದರು.

"ಅದೀನಲೇ. ಕೇಳಸವಲ್ದೇನು?"

"ನಿನ್ನ ಮಾತು ಕೇಳಸತೈತಿ."

ಅಷ್ಟೇ. ಅವರ ಹೆಸರಿನ ಮುಂದಿನ ಹಸಿರು ಚುಕ್ಕೆ ಆರಿತು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನು ಹಚ್ಚಿದರೆ "ಆರಾಮ ಅದೀನಿ". ಆಟದಲ್ಲಿ ಕಾಕಾ ಎಣಿಸುವುದು ಮುಂದುವರಿದಿತ್ತು: "ಮೂರ ಅದಾವ."

ನಾಲ್ಕನೇ ದಿನ ಮೊಬೈಲನ್ನು ನನ್ನ ಕೈಗಿಟ್ಟು, "ಆ ಗುಂಡಿ ತಗಿ" ಎಂದ.

"ಕಾರಣ ಹೇಳು."

"ಅಂವಾ ನಮ್ಮ ಮಾತು ಕೇಳಾಕ ಬರತಿದ್ದಿಲ್ಲ, ಗಂಟಿ ಕೇಳಾಕ ಬರತಿದ್ದ." ಕರಿ ಕುರಿಯ ಕಡೆ ನೋಡಿದ. "ಇದು ಅವಂದು. ಎಲ್ಲಾ ಮಾರಿದ, ಇದೊಂದನ್ನ ಮಾರಾಕ ಮನಸಾಗಲಿಲ್ಲ. ನನ್ನ ಹಿಂಡಿನಾಗ ಬಿಟ್ಟು ಹೋದ."

"ಅವತ್ತ ಹೇಳಬೇಕಿಲ್ಲೋ ಕಾಕಾ?"

"ಕೇಳಿದ್ದರ ಹೇಳತಿದ್ದೆ. ನೀ ಬರೇ ಹೇಳಾಕತ್ತಿದ್ದಿ."

ನನ್ನ ಕಪ್ಪಿನಲ್ಲಿ ಅವ್ವ ಜೋಳ ಅಳೆಯುವುದು ಅಷ್ಟೇನೂ ತಪ್ಪಲ್ಲ ಎಂದು ಅವತ್ತು ಅನ್ನಿಸಿತು. ಗುಂಡಿಯನ್ನು ಗಿರಣಿಯವರ ಫೋನಿಗೆ ಮಾತ್ರ ಉಳಿಸಿ, ಉಳಿದವರದ್ದು ತೆಗೆಸಿದೆ. ಕಾಕಾ ಮೊಬೈಲನ್ನು ಕರಿ ಕುರಿಯ ಕೊರಳ ಹತ್ತಿರ ಹಿಡಿದು, ಅದರ ಜೊತೆ ನಾಲ್ಕು ಹೆಜ್ಜೆ ನಡೆದು, ಗಂಟೆಯ ಸದ್ದನ್ನಷ್ಟೇ ರೆಕಾರ್ಡ್ ಮಾಡಿ ಮಾಮಾನಿಗೆ ಕಳಿಸಿದ.

ಮರುದಿನ ಮಧ್ಯಾಹ್ನ ಬೇವಿನ ಗಿಡದ ಬುಡದಲ್ಲಿ ನಾಲ್ಕನೇ ಹಸಿರು ಚುಕ್ಕೆ ಹತ್ತಿತು. ಕಾಕಾ "ನಾಕ" ಎಂದ. ವಿಮಾನದಿಂದ ಹಾರಿದರು. ಕರಿ ಕುರಿ ರೊಟ್ಟಿ ಚೂರಿಗಾಗಿ ತಿರುಗತೊಡಗಿತು. ಟಣ್ ಟಕ್, ಟಣ್ ಟಕ್.

"ಅದು ಕುಂಟಾಕತ್ತೈತಿ," ಎಂದರು ಮಾಮಾ.

"ಎಲ್ಲೀದಲೇ? ನನ್ನ ಕಣ್ಣ ಮುಂದ ಐತಿ, ಛಲೋ ಐತಿ," ಎಂದ ಕಾಕಾ.

"ಮುಂದಿನ ಕಾಲ ನೋಡು. ಒಂದ ಹೆಜ್ಜಿ ತಡಾ ಬೀಳತೈತಿ, ನಿನ್ನಿ ಗಂಟಿಯೊಳಗ ಕೇಳೇನಿ."

ಕಾಕಾ ಆಟವನ್ನು ನನ್ನ ಕೈಗೆ ಕೊಟ್ಟು, ಕುರಿಯನ್ನು ಹಿಡಿದು ಕೂಡಿಸಿ, ಮುಂದಿನ ಎಡಗಾಲು ಎತ್ತಿ ನೋಡಿದ. ಗೊರಸಿನ ಸಂದಿಯಲ್ಲಿ ಜಾಲಿ ಮುಳ್ಳು. ಹುಬ್ಬಳ್ಳಿಯ ಆಚೆ, ಬಣ್ಣದ ತೊಟ್ಟಿಲುಗಳ ನಡುವೆ ಕೂತವರಿಗೆ ಕಂಡದ್ದು ನಮಗಿಬ್ಬರಿಗೂ ಕಂಡಿರಲಿಲ್ಲ. ಅವನು ಮುಳ್ಳು ತೆಗೆಯುತ್ತಾ ಕೂತ. ಆಟದಲ್ಲಿ ಈಗ ಕಾಕಾನ ಜಾಗದಲ್ಲಿ ನಾನು; ನನ್ನ ಮುಂದೆ ಹುಲ್ಲಿನ ಗುಡ್ಡ, ಅದರ ಮೇಲೆ ಮಾಮಾ, ಕೈಯಲ್ಲಿ ಏನೂ ಇಲ್ಲದೆ, ಅವಸರವಿಲ್ಲದೆ ನಡೆಯುತ್ತಿದ್ದರು. ಹಿಂದೆ ಎಲ್ಲೋ ಗುಂಡು ಹಾರುತ್ತಿದ್ದವು. ಅವರು ತಿರುಗಿಯೂ ನೋಡಲಿಲ್ಲ. ಕಾಕಾ ಕಾಲು ಬಿಟ್ಟ. ಕರಿ ಕುರಿ ಎದ್ದು, ಮೈ ಕೊಡವಿ, ಮತ್ತೆ ಮೈಕಿನ ಹತ್ತಿರ ಬಂತು. ಗಂಟೆಯ ಸದ್ದಿಗೆ ಸರಿಯಾಗಿ ಗುಡ್ಡದ ಮೇಲಿನ ಹೆಜ್ಜೆಗಳೂ ಬೀಳುತ್ತಿವೆಯೇನೋ ಎಂದು ನನಗೆ ಅನ್ನಿಸಿತು. ಈ ಸಲ ನಾನು ಏನನ್ನೂ ಹೇಳಲಿಲ್ಲ, ಕೇಳಿದೆ:

"ಮಾಮಾ, ಎಲ್ಲೀತನಕ ಹೊಂಟೀರಿ?"