ಕಾಕಾ ಮತ್ತು ಏಡಿ ಒಡೆಯುವ ಮಂಗ್ಯಾ

ದ್ವೀಪದ ಮಂಗಗಳ ಬಗ್ಗೆ ನನ್ನ ಗಂಡನ ಚಿಕ್ಕಪ್ಪನಷ್ಟು ತಿಳಿದವರು ಜಗತ್ತಿನಲ್ಲೇ ಇಲ್ಲ. ಹೀಗೆಂದು ಅವರೇ ಹೇಳುತ್ತಾರೆ. ಮಂಗಗಳ ಅಭಿಪ್ರಾಯವನ್ನು ಯಾರೂ ಕೇಳಿಲ್ಲ!

ವಿಜಯಪುರದಿಂದ ಮರಾಠಿ ನಾಡಿಗೆ ಬಂದು ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಮಾಲರ ಮೇಸ್ತ್ರಿ, ಅಂದರೆ ಮುಕಾದಮರಾಗಿ ನಿವೃತ್ತರಾದ ಈ ಕಾಕಾ ಸಮುದ್ರಯಾನ ಮಾಡಿದವರಲ್ಲ. ಅವರು ಕಂಡ ಏಕೈಕ ದ್ವೀಪವೆಂದರೆ ಎರಡೂ ಕಡೆ ಹಳಿಗಳಿರುವ ಕಲ್ಯಾಣ ಸ್ಟೇಷನ್ನಿನ ಪ್ಲಾಟ್‌ಫಾರ್ಮು. ಅಲ್ಲಿ ಮಂಗಗಳಿಲ್ಲ, ಆದರೆ ಲೋಕಲ್ ರೈಲು ಬಂದಾಗ ಜನ ಹತ್ತುವುದನ್ನು ನೋಡಿದರೆ ಆ ಕೊರತೆ ಕಾಣುವುದಿಲ್ಲ. ಉಳಿದ ವಿದ್ಯೆಯೆಲ್ಲ ಮೊಬೈಲಿನ ಹಿಂದಿ ವಿಡಿಯೋಗಳದ್ದು.

ಪ್ರತಿ ಭಾನುವಾರ ಅವರು ಪಕ್ಕದ ಸ್ಟೇಷನ್ನಾದ ಠಾಕುರ್ಲಿಯ ನಮ್ಮ ಮನೆಗೆ ಬಂದು ನನ್ನ ಆರು ವರ್ಷದ ಮಗಳನ್ನು ಕೂರಿಸಿಕೊಳ್ಳುತ್ತಾರೆ. ಇಲ್ಲೇ ಹುಟ್ಟಿದ ಆಕೆಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಮಂಗಗಳ ಮೂಲಕ ಅವಳಿಗೆ ಕನ್ನಡ ಕಲಿಸುವುದು ಕಾಕಾನ ಮಹಾಯೋಜನೆ. ಮೈಸೂರಿನ ನಾನು ‘ಕೋತಿ’ ಎಂದರೆ ಅವರಿಗೆ ಆಗುವುದಿಲ್ಲ. “ಕೋತಿ ಗಿಡದ ಮ್ಯಾಲಿರ್ತದವ್ವಾ. ದ್ವೀಪದಾಗ ಇರೋದು ಮಂಗ್ಯಾ!” ಯಾವ ಪುಸ್ತಕದಲ್ಲಿದೆ ಈ ಶಾಸ್ತ್ರ?

“ಸಮುದ್ರದ ನೀರು ಹಿಂದ ಸರೀತಂದ್ರ ಮಂಗ್ಯಾ ದಂಡಿಗಿ ಬರ್ತದ. ಕಲ್ಲು ತಗೊಂಡು ಏಡಿ ಒಡೀತದ, ಚಿಪ್ಪು ಒಡೀತದ.”

“ಮಗ?” ಎನ್ನುತ್ತಾಳೆ ಮಗಳು. ಮರಾಠಿಯಲ್ಲಿ ಅದಕ್ಕೆ ‘ಆಮೇಲೆ?’ ಎಂದರ್ಥ. ಕಲ್ಯಾಣದಲ್ಲೇ ತಲೆ ನರೆತ ಕಾಕಾಗೆ ಇದು ಗೊತ್ತಿಲ್ಲವೇ? ಆದರೂ ಪ್ರತಿ ಸಲ, “ಮಗ ಅಲ್ಲವ್ವಾ, ಅಜ್ಜ!” ಎಂದು ತಮ್ಮ ಜೋಕಿಗೆ ತಾವೇ ನಗುತ್ತಾರೆ. ಬೇರೆ ಯಾರೂ ನಗದಿರುವುದು ಅವರಿಗೆ ತೊಂದರೆಯಲ್ಲ.

ಒಂದು ಭಾನುವಾರ ಪ್ರಾತ್ಯಕ್ಷಿಕೆ. ಏಡಿ ಸಿಗದ ಕಾರಣ ಅಕ್ರೋಟು. ಕಲ್ಲಿಗೆ ನನ್ನ ಅಡಿಗೆಮನೆಯ ಗುಂಡುಕಲ್ಲು. ಎತ್ತಿ ಹೊಡೆದರು. ಅಕ್ರೋಟು ಹಾಗೇ ಇತ್ತು, ಟೈಲ್ಸು ಎರಡಾಯಿತು!

“ಏನ್ ಕಾಕಾ ಇದು? ಹೊಸಾ ಟೈಲ್ಸು!”

“ಮೊದಲನೇ ಸಲ ಮಂಗ್ಯಾಂದೂ ಹಿಂಗ ತಪ್ಪತದವ್ವಾ.”

ಸದ್ಯ, ಹೋಲಿಕೆಯನ್ನು ಅವರೇ ಒಪ್ಪಿಕೊಂಡರು!

ಮುಂದಿನ ವಾರದ ಪಾಠ: ಮಂಗಗಳು ಒಂದರ ತಲೆಯ ಹೇನನ್ನು ಇನ್ನೊಂದು ಹೆಕ್ಕುವುದು ಸ್ನೇಹದ ಗುರುತು. ಮರುದಿನ ಲಿಫ್ಟಿನಲ್ಲಿ ಶೂ ಲೇಸ್ ಕಟ್ಟಲು ಬಗ್ಗಿದ ನಮ್ಮ ಹೌಸಿಂಗ್ ಸೊಸೈಟಿ ಸೆಕ್ರೆಟರಿಯ ತಲೆಗೆ ನನ್ನ ಮಗಳು ಸ್ನೇಹದಿಂದ ಕೈ ಹಾಕಿದಳು. ಹೆಕ್ಕಲು ಅಲ್ಲಿ ಏನೂ ಇರಲಿಲ್ಲ, ಕೂದಲು ಸಹ!

ಮುಂದಿನ ಭಾನುವಾರ ಕಾಕಾ ಬಂದಾಗ ನನ್ನ ತಾಳ್ಮೆ ಮುಗಿಯಿತು. “ವರ್ಷವಾಯ್ತು ಕಾಕಾ, ಒಂದು ಕನ್ನಡ ವಾಕ್ಯ ಅವಳ ಬಾಯಿಂದ ಬಂದಿಲ್ಲ. ಬರೋ ಭಾನುವಾರವೂ ಬರಲಿಲ್ಲ ಅಂದ್ರೆ ಅಬಾಕಸ್ ಕ್ಲಾಸಿಗೆ ಹಾಕ್ತೀನಿ. ಅದೂ ಭಾನುವಾರವೇ.”

ಮಗಳ ಪಕ್ಕ ಕುಳಿತಿದ್ದ ಕಾಕಾ ನಗಲಿಲ್ಲ. “ಮಂಗ್ಯಾನ ಮರೀನೂ ಹುಟ್ಟಿದಕೂಡ್ಲೇ ಕಲ್ಲು ಎತ್ತಂಗಿಲ್ಲವ್ವಾ. ಅವ್ವನ ಬಾಜೂಕ ಕುಂತು ಭಾಳ ದಿನ ಬರೇ ನೋಡ್ತದ,” ಎಂದು ಚಪ್ಪಲಿ ಮೆಟ್ಟಿ ಹೊರಟರು. ಇವರ ಮಂಗಕ್ಕೆ ಎಲ್ಲದಕ್ಕೂ ಉತ್ತರವಿದೆ ಎಂದುಕೊಂಡು ನಾನು ಅಬಾಕಸ್ ಕ್ಲಾಸಿನ ಫಾರ್ಮು ತುಂಬಿದೆ.

ಗಡುವಿನ ಭಾನುವಾರ ಕಾಕಾ ಬಂದರು. ಹಿಂದಿನ ದಿನ ಎರಡು ಹಲ್ಲು ಕೀಳಿಸಿಕೊಂಡಿದ್ದರಂತೆ. ಬಾಯಲ್ಲಿ ಹತ್ತಿ, ಕೆನ್ನೆ ಇಷ್ಟು ದಪ್ಪ; ಕೆನ್ನೆಯ ಚೀಲದಲ್ಲಿ ತಿಂಡಿ ತುಂಬಿಕೊಳ್ಳುವ ಅವರ ಮಂಗಗಳದೇ ರೂಪ! ಮಾತಾಡಲಾಗದು. ಆದರೂ ಲೋಕಲ್ ಹಿಡಿದು ಬಂದು ಒಡೆದ ಟೈಲ್ಸಿನ ಪಕ್ಕ ಕುಳಿತರು. ಪಾಠ ಹೇಗೆ ಮಾಡುತ್ತಾರೆ? ಗೆದ್ದೆ ಎಂದುಕೊಂಡೆ, ದೇವರಾಣೆಗೂ ಹಾಗೆಯೇ ಅಂದುಕೊಂಡೆ.

ಮಗಳು ಅವರ ಬಾಯಿ ನೋಡಿದಳು, ಕೆನ್ನೆ ನೋಡಿದಳು. ಪಕ್ಕಕ್ಕೆ ಸರಿದು ಕುಳಿತು ಶುರುಮಾಡಿದಳು.

“ಮಂಗ್ಯಾನ ಮರಿ ಭಾಳ ದಿನ ಬರೇ ನೋಡ್ತದ.”

ನನ್ನ ಕೈಯಲ್ಲಿದ್ದ ಲಟ್ಟಣಿಗೆ ಅಲ್ಲೇ ನಿಂತಿತು. ಕಾಕಾ ಹತ್ತಿಯ ಸಂದಿಯಿಂದ ಕಷ್ಟಪಟ್ಟು, “ಮಗ?” ಎಂದರು.

“ಆಮ್ಯಾಲ ಒಂದಿನ ತಾನೇ ಕಲ್ಲು ಎತ್ತತದ,” ಎಂದಳು. ಆಮೇಲೆ ಅವರ ಗಲ್ಲಕ್ಕೆ ಬೆರಳು ತಿವಿದು, “ಮಗ ಅಲ್ಲ ಅಜ್ಜಾ, ಮಗಳು!”

ಮುಕಾದಮರು ಅಳುತ್ತಿದ್ದರು. ನನಗೆ ನಾಚಿಕೆಯಾಯಿತು. ವರ್ಷವಿಡೀ ಅವಳು ನೋಡುತ್ತ ಕುಳಿತಿದ್ದನ್ನು ನಾನೊಬ್ಬಳೇ ನೋಡಿರಲಿಲ್ಲ.

ಒಳಗೆ ಹೋಗಿ ಗುಂಡುಕಲ್ಲು ತಂದು ಇಬ್ಬರ ನಡುವೆ ಇಟ್ಟೆ. ಟೈಲ್ಸು ಇನ್ನೂ ಬೇಕಾದಷ್ಟಿವೆ.