ಟ್ಯಾಬಿಗೆ ಒಣ ಬೆರಳು ಬೇಕು

ಟ್ಯಾಬು ಎಂಬ ವಸ್ತುವನ್ನು ಅದನ್ನು ಮಾಡಿದವರು ಹೇಳಿದ ಹಾಗೆ ಬಳಸುವ ಒಬ್ಬನೇ ಒಬ್ಬ ಮನುಷ್ಯನನ್ನು ನಮ್ಮ ಕುಂದಾಪುರ ತಾಲೂಕಿನಲ್ಲಿ ಯಾರಾದರೂ ತೋರಿಸಿದರೆ, ಅವರ ಕಾಲಿಗೆ ಬೀಳಲು ನಾನು ತಯಾರು. ಇಪ್ಪತ್ತು ವರ್ಷ ನನ್ನದು ಪ್ರೆಸ್ಸು. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ರಶೀದಿ ಪುಸ್ತಕ. ಕಾಗದ ಪಾಪದ್ದು, ಅಕ್ಷರವನ್ನು ಎಲ್ಲಿ ಕೂರಿಸಿದರೆ ಅಲ್ಲೇ ಕೂತಿರುತ್ತಿತ್ತು. ಈಗ ಎಲ್ಲರಿಗೂ ಎಲ್ಲವೂ ಟ್ಯಾಬಿನಲ್ಲಿ ಬೇಕು. ಹಾಗಾಗಿ ನಲವತ್ತೆಂಟನೇ ವಯಸ್ಸಿನಲ್ಲಿ ನಾನು ಪರದೆ ವಿನ್ಯಾಸ ಕಲಿತೆ. ಹೆಬ್ಬೆರಳು ಎಲ್ಲಿ ಬೀಳುತ್ತದೆ, ಗುಂಡಿ ಎಷ್ಟು ಅಗಲ ಇರಬೇಕು, ಎಲ್ಲವನ್ನೂ ಕಲಿಸಿದರು. ಆ ಬೆರಳಿನ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ ಅಂತ ಮಾತ್ರ ಒಬ್ಬರೂ ಹೇಳಲಿಲ್ಲ.

ಟ್ಯಾಬಿನ ಎಡವಟ್ಟು ವಾರಕ್ಕೊಂದಾದರೂ ನಡೆಯುತ್ತದೆ. ಹೆಚ್ಚಿನದಕ್ಕೆ ಸಿಟ್ಟು ಬಂದು ಸುಮ್ಮನಾಗುತ್ತೇನೆ. ಮರವಂತೆಯ ಮೀನು ಮಾರುವ ಅಕ್ಕಂದಿರ ಕೆಲಸದಲ್ಲಿ ಮಾತ್ರ ಸುಮ್ಮನಾಗುವ ಹಾಗಿರಲಿಲ್ಲ. ಅಲ್ಲಿ ನನ್ನ ಗುಂಡಿ ಕೈಕೊಟ್ಟರೆ ಎಂಟು ಹೆಂಗಸರ ವ್ಯಾಪಾರವೇ ಹೋಗುತ್ತಿತ್ತು. ಅದನ್ನು ಕೊನೆಗೆ ಹೇಳುತ್ತೇನೆ, ಮೊದಲು ಉಳಿದವರ ಮೇಲಿನ ಸಿಟ್ಟು ಕಳೆಯಲಿ.

ಎಂಜಲು ಬೆರಳು

ಕೋಟೇಶ್ವರದ ಒಂದು ಹೋಟೆಲಿನವರು ಮೇಜಿಗೊಂದು ಟ್ಯಾಬು ಇಟ್ಟು ತಿಂಡಿ ಪಟ್ಟಿಯನ್ನು ಅದರಲ್ಲಿ ಮಾಡಿಸಿದರು. ನಾನು ಹುಮ್ಮಸ್ಸಿನಲ್ಲಿ, ಪುಟ ತಿರುಗಿಸಿದರೆ ಪುಸ್ತಕದ ಹಾಗೇ ಮೂಲೆ ಮಡಚಿ ಸರ್ರೆಂದು ಸದ್ದು ಬರುವಂತೆ ಮಾಡಿದೆ. ಮೂರು ದಿನ ಕೂತು ಮಾಡಿದ್ದು! ಮೊದಲ ಗಿರಾಕಿ, ವಯಸ್ಸಾದ ಒಬ್ಬರು, ಟ್ಯಾಬನ್ನು ಹತ್ತಿರ ಎಳೆದುಕೊಂಡರು. ತೋರುಬೆರಳನ್ನು ನಾಲಿಗೆಗೆ ಮುಟ್ಟಿಸಿದರು. ಪುಟ ತಿರುಗಿಸಿದರು. ಇಡ್ಲಿಯಿಂದ ಬನ್ಸಿಗೆ ಹೋಗಲು ಒಮ್ಮೆ ಎಂಜಲು, ಬನ್ಸಿನಿಂದ ದೋಸೆಗೆ ಹೋಗಲು ಇನ್ನೊಮ್ಮೆ.

ನನಗೆ ತಡೆಯಲಿಲ್ಲ. "ಬೆರಳು ಯಾಕೆ ಒದ್ದೆ ಮಾಡ್ತೀರಿ?" ಎಂದೆ.

"ಇಲ್ದಿದ್ರೆ ಎರಡೆರಡ್ ಪುಟ ಒಟ್ಟಿಗೆ ತಿರ್ಗ್ತತ್ತ್ ಅಲ್ದಾ ಮಾರಾಯ್ರೆ!"

ಹೋಟೆಲಿನ ಯಜಮಾನರು ಬೈದದ್ದು ಅವರಿಗಲ್ಲ, ನನಗೆ. "ನೀವ್ ಪುಸ್ತಕದ್ ಹಾಂಗೆ ಮಾಡಿರೆ ಜನ ಪುಸ್ತಕದ್ ಹಾಂಗೇ ತಿರ್ಗ್ಸ್ತ್ರ್." ಆಮೇಲೆ ಅವರೇ ಒಂದು ಬೋರ್ಡು ತಗುಲಿಸಿದರು: ಟ್ಯಾಬು ಮುಟ್ಟುವ ಮೊದಲು ಕೈ ತೊಳೆಯಿರಿ. ಜನ ತೊಳೆದರು. ನೀರು ತೊಟ್ಟಿಕ್ಕುವ ಕೈಯಲ್ಲೇ ಬಂದು ಒತ್ತಿದರು. ಒದ್ದೆ ಬೆರಳನ್ನು ಕಂಡರೆ ಟ್ಯಾಬಿಗೆ ಆಗುವುದಿಲ್ಲ, ಬನ್ಸ್ ಒತ್ತಿದವರಿಗೆಲ್ಲ ಪೂರಿ ಬಂತು. ಈಗ ಆ ಹೋಟೆಲಿನಲ್ಲಿ ಟ್ಯಾಬಿನ ಮೇಲೆ ನೀರಿನ ಜಗ್ಗು ಇಡುತ್ತಾರೆ, ಪಕ್ಕದಲ್ಲಿ ಕಾಗದದ ತಿಂಡಿ ಪಟ್ಟಿ. ಮಾನಗೆಟ್ಟು ಅದನ್ನು ಮುದ್ರಿಸಿ ಕೊಟ್ಟವನೂ ನಾನೇ.

ಕುಂಕುಮಕ್ಕೆ ಜಾಗ

ಬೈಂದೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆಗಳನ್ನು ಬಿಚ್ಚಿ ಹರಡುವ ಬದಲು ಟ್ಯಾಬಿನಲ್ಲಿ ತೋರಿಸುತ್ತಾರೆ. 'ಮುಂದಿನ ಸೀರೆ' ಎಂಬ ಗುಂಡಿಯನ್ನು ಬಲಗಡೆ ಕೆಳಗೆ, ಹೆಬ್ಬೆರಳು ತಾನಾಗಿ ಬೀಳುವಲ್ಲಿ ಇಟ್ಟಿದ್ದೆ. ಶಾಸ್ತ್ರಪ್ರಕಾರ ಇಟ್ಟದ್ದು. ಆಯುಧಪೂಜೆಯ ಮರುದಿನ ಫೋನು: "ಪ್ರೆಸ್ಸಿನವ್ರೆ, ನಿಮ್ ಸೀರೆ ಮುಂದ್ ಹೋತಿಲ್ಲೆ." ಪ್ರೆಸ್ಸು ಮುಚ್ಚಿ ಎಷ್ಟು ಕಾಲವಾದರೂ ನಾನು ಪ್ರೆಸ್ಸಿನವನೇ.

ಹೋಗಿ ನೋಡಿದರೆ ಟ್ಯಾಬಿಗೆ ಹೂವಿನ ಮಾಲೆ, ಪರದೆಯ ಮೇಲೆ ಗಂಧ, ಸರಿಯಾಗಿ ನನ್ನ ಗುಂಡಿಯ ಮೇಲೆ ನಾಲ್ಕಾಣೆಯಷ್ಟಗಲದ ಕುಂಕುಮ. ಕಿಸೆಯಿಂದ ಕರವಸ್ತ್ರ ತೆಗೆದದ್ದೇ ತಡ, ಸಾಹುಕಾರರು ನನ್ನ ಕೈ ಹಿಡಿದುಕೊಂಡರು.

"ಹ್ವಾಯ್! ಪೂಜಿ ಮಾಡಿದ್ದ್ ಒರ್ಸೂಕಾಗ!"

"ಒರೆಸದೆ ಮುಂದಿನ ಸೀರೆ ಹೇಗೆ ಬರಬೇಕು?"

"ಕುಂಕ್ಮ ದೇವ್ರದ್ದ್. ಬಟನ್ ನಿಮ್ದ್ ಅಲ್ದಾ? ನೀವೇ ಆಚಿ ಸರ್ಸಿ ಕೊಡಿ."

ಸರಿಸಿಕೊಟ್ಟೆ. ಕಲಿತ ಶಾಸ್ತ್ರವನ್ನೆಲ್ಲ ಗಾಳಿಗೆ ತೂರಿ, ಯಾರ ಹೆಬ್ಬೆರಳೂ ತಲುಪದ ಎಡಮೂಲೆಗೆ ಸರಿಸಿಕೊಟ್ಟೆ. ಈ ವರ್ಷ ಪೂಜೆಗೆ ವಾರ ಮೊದಲೇ ಸಾಹುಕಾರರ ಫೋನು ಬಂತು. ಹೋದ ಸಲದ ತಪ್ಪು ತಿದ್ದಿಕೊಳ್ಳುತ್ತಾರೇನೋ ಎಂದು ಸಂತೋಷವಾಯಿತು.

"ಪ್ರೆಸ್ಸಿನವ್ರೆ, ಈ ಸಲ ಕುಂಕ್ಮಕ್ಕೆ ಜಾಗ ಎಲ್ಲ್ ಬಿಟ್ಟಿದ್ರಿ?"

ಯಾರ ಬದಿ?

ನಮ್ಮ ಕಡೆಯ ಒಂದು ವಾರಪತ್ರಿಕೆ ಕಾಗದ ನಿಲ್ಲಿಸಿ ಟ್ಯಾಬಿಗೆ ಬಂತು. ಪುಟ ಮಾಡುವುದು ನಾನು. ಯಾರು ಹೇಗೆ ಹಿಡಿದರೂ ಅಕ್ಷರ ಅವರ ಕಡೆಗೇ ತಿರುಗುವಂತೆ ಮಾಡಿದ್ದೆ. ಬ್ರಹ್ಮಾವರದಿಂದ ಒಬ್ಬರು ನಿವೃತ್ತ ಮೇಷ್ಟ್ರು ಫೋನು ಮಾಡಿ, "ಮನಿಗೆ ಬಂದ್ ಕಾಣಿ" ಎಂದು ಗದರಿದರು.

ಅವರ ಮನೆಯಲ್ಲಿ ನಲವತ್ತು ವರ್ಷದಿಂದ ಪತ್ರಿಕೆ ಬಂದ ಕೂಡಲೇ ಎರಡು ಪಾಲಾಗುತ್ತಿತ್ತಂತೆ. ಹೊರಗಿನ ಹಾಳೆ ಮೇಷ್ಟ್ರಿಗೆ, ಒಳಗಿನದು ಅವರ ಹೆಂಡತಿಗೆ. ಮೇಜಿನ ಆಚೆ ಒಬ್ಬರು, ಈಚೆ ಒಬ್ಬರು. ಈಗ ನಡುವೆ ಒಂದೇ ಟ್ಯಾಬು. ಮೇಷ್ಟ್ರು ತಮ್ಮ ಕಡೆ ಓರೆ ಮಾಡಿದರೆ ಅಕ್ಷರ ಮೇಷ್ಟ್ರ ಕಡೆ, ಮನೆಯ ಅಮ್ಮ ಎಳೆದರೆ ಅಮ್ಮನ ಕಡೆ. ನನ್ನೆದುರೇ ಆರು ಸಲ ಎಳೆದಾಡಿದರು.

"ನೀವ್ ಯಾರ ಬದಿ, ಅದನ್ನ್ ಹೇಳಿ ಮೊದ್ಲ್" ಎಂದು ಅಮ್ಮ ನನ್ನನ್ನೇ ಕೇಳಿದರು.

ನನಗೆ ರೇಗಿತು. ಇಷ್ಟು ಓದಿದವರಿಗೆ ಇದೂ ತಿಳಿಯುವುದಿಲ್ಲವೇ? "ಇಬ್ಬರೂ ಒಂದೇ ಬದಿ ಕೂತು ಓದಿ!" ಎಂದೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಅಮ್ಮ ಸೆರಗು ಸರಿಮಾಡಿಕೊಂಡು, ದನಿ ತಗ್ಗಿಸಿ ಹೇಳಿದರು: "ಬಾಗ್ಲ್ ತೆಗ್ದಿತ್ತ್ ಮಾರಾಯ್ರೆ. ದಾರಿಯಗೆ ಹೋಪರ್ ಕಂಡ್ರೆ ಎಂತ ಹೇಳ್ತ್ರ್?"

ಬಂಗುಡೆ

ನಾನು ಕುಂಭಾಶಿಯವನು. ಮೀನು ನಮ್ಮ ಮನೆಯ ಹೊಸಿಲು ದಾಟಿದ್ದಿಲ್ಲ, ನಾನು ಅದುವರೆಗೆ ಜನ್ಮದಲ್ಲಿ ಅದನ್ನು ಮುಟ್ಟಿದವನೂ ಅಲ್ಲ. ಅಂಥವನಿಗೆ ಮರವಂತೆಯಲ್ಲಿ ರಸ್ತೆ ಬದಿ ಬುಟ್ಟಿ ಇಟ್ಟು ಕೂರುವ ಎಂಟು ಅಕ್ಕಂದಿರ ಸಂಘದ ಟ್ಯಾಬಿನ ಕೆಲಸ ಬಂತು. ಯಾವುದೋ ಕಂಪನಿ ಒಂದು ಆ್ಯಪ್ ತಂದಿತ್ತು. ಮನೆಯವರು ಮೊಬೈಲಿನಲ್ಲಿ ಮೀನು ಕೇಳಿದರೆ ಸಂಘದ ಟ್ಯಾಬಿನಲ್ಲಿ ಗಂಟೆ ಹೊಡೆಯುತ್ತದೆ. ಎರಡು ನಿಮಿಷದೊಳಗೆ 'ಒಪ್ಪಿಗೆ' ಒತ್ತದಿದ್ದರೆ ಆ ಗಿರಾಕಿ ಕಂಪನಿಯ ಐಸ್ ವ್ಯಾನಿನ ಪಾಲು. ಹದಿನೈದು ದಿನ ಪರೀಕ್ಷೆ. ಅಷ್ಟರಲ್ಲಿ ಅಕ್ಕಂದಿರಿಗೆ ಒಗ್ಗದಿದ್ದರೆ ಆ ದಾರಿಯ ಮನೆಗಳೆಲ್ಲ ವ್ಯಾನಿಗೇ. ಇದೆಂಥ ನ್ಯಾಯ ಎಂದು ನನಗೆ ಮೈಯೆಲ್ಲ ಉರಿಯಿತು. ಎಂಟು ಬಗೆಯ ಹಸಿರು ನೋಡಿ ಒಂದನ್ನು ಆರಿಸಿ 'ಒಪ್ಪಿಗೆ' ಗುಂಡಿ ಮಾಡಿದೆ.

ಗಂಟೆ ಹೊಡೆಯಿತು. ಅಕ್ಕಂದಿರು ಒತ್ತಿದರು. ಆಗಲಿಲ್ಲ. ಐಸು, ಉಪ್ಪುನೀರು, ಮೀನಿನ ಲೋಳೆ, ಅದರಲ್ಲೇ ದಡ್ಡುಗಟ್ಟಿದ ಬೆರಳು. ನಾನು ಟವೆಲು ತಂದುಕೊಟ್ಟೆ, ಮೊದಲ ದಿನವೇ ಟವೆಲು ಕೈಗಿಂತ ಒದ್ದೆಯಾಯಿತು. ಒತ್ತುವ ಪೆನ್ನು ತಂದುಕೊಟ್ಟೆ, ಅದು ಯಾರದೋ ಮೀನಿನ ಜೊತೆ ಚೀಲದಲ್ಲಿ ಹೋಯಿತು. ಎಂಟು ದಿನ ವ್ಯಾನಿನವನು ನಮ್ಮೆದುರೇ ಹಾರ್ನು ಹೊಡೆದುಕೊಂಡು ಹೋದ. ಒಂಬತ್ತನೇ ದಿನ ನಾನು ಸಂಘದ ಅಧ್ಯಕ್ಷೆಯ ಮೇಲೆ ಕೂಗಾಡಿದೆ.

"ಒಣ ಬೆರಳು ಬೇಕು ಅಕ್ಕ! ಎಷ್ಟು ಸಲ ಹೇಳುವುದು? ಒಣ ಬೆರಳು!"

"ಒಣ ಬೆರ್ಳ್ ಇದ್ದಿದ್ರೆ ನಾ ಎಂತಕ್ಕೆ ಇಲ್ಲ್ ಕೂಕಂತಿದ್ದೆ? ಬ್ಯಾಂಕಗೆ ಕೂಕಂತಿದ್ದೆ!"

ಆಗಲೇ ಗಂಟೆ ಹೊಡೆಯಿತು. ಅವರ ಕೈಯಲ್ಲಿ ಒಂದು ಬಂಗುಡೆ ಮೀನು ಇತ್ತು. "ನಿಮ್ ಈ ಹಾಳ್ ಬಟನ್ ಇತ್ತಲ್ದಾ..." ಎನ್ನುತ್ತ ಅವರು ಬಂಗುಡೆಯನ್ನೇ ಮುಂದೆ ಚಾಚಿ ತೋರಿಸಿದರು. ಅದರ ಮೂತಿ ಹೋಗಿ ನನ್ನ ಹಸಿರು ಗುಂಡಿಗೆ ತಾಗಿತು.

ಟಿಂಗ್. ಒಪ್ಪಿಗೆ.

ಆಮೇಲೆ ಎಂಟೂ ಜನ ತಮ್ಮ ತಮ್ಮ ಬುಟ್ಟಿಗೆ ಕೈ ಹಾಕಿದರು.

ಉಳಿದ ದಿನಗಳಲ್ಲಿ ಒಬ್ಬ ಗಿರಾಕಿಯೂ ತಪ್ಪಲಿಲ್ಲ. ದಾರಿ ಅಕ್ಕಂದಿರಿಗೇ ಉಳಿಯಿತು, ವ್ಯಾನು ಬೇರೆ ದಿಕ್ಕು ನೋಡಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಕಂಪನಿಯ ವಿನ್ಯಾಸದವರು ಫೋನಿನಲ್ಲಿ, "ಅಲ್ಲಿಯ ಬಳಕೆದಾರರನ್ನು ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದೀರಿ!" ಎಂದರು. ಬಳಕೆದಾರ ಯಾರು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಮೊನ್ನೆ ಮತ್ತೆ ಅಧ್ಯಕ್ಷೆಯ ಫೋನು. "ಪ್ರೆಸ್ಸಿನವ್ರೆ, ಇವತ್ತ್ ಬಂಗ್ಡಿ ಬರ್ಲಿಲ್ಲೆ. ಬರೀ ಸಿಗ್ಡಿ. ಸಿಗ್ಡಿಯಗೆ ಒತ್ತಿರೆ ಆತ್ತಾ?"

"ನನಗೇನು ಗೊತ್ತು?" ಎಂದು ರೇಗಿದೆ.

"ಮಾಡಿದ್ದ್ ನೀವ್ ಅಲ್ದಾ?"

ಅದೂ ನಿಜ. ಅರ್ಧ ಗಂಟೆಯ ನಂತರ ನಾನು ಕುಂದಾಪುರದ ನನ್ನ ಅಂಗಡಿಯಲ್ಲಿ ಬಾಗಿಲು ಓರೆ ಮಾಡಿಕೊಂಡು, ಎಡಗೈಯಲ್ಲಿ ಮೂಗು ಮುಚ್ಚಿ, ಬಲಗೈಯಲ್ಲಿ ಮಾರ್ಕೆಟ್ಟಿನಿಂದ ತರಿಸಿದ ಸಿಗಡಿ ಹಿಡಿದು ನನ್ನ ಟ್ಯಾಬು ಒತ್ತುತ್ತಿದ್ದೆ. ಮೇಜಿನ ಮೇಲೆ ಸ್ಪೀಕರಿನಲ್ಲಿ ಅಧ್ಯಕ್ಷೆ. ಟಿಂಗ್ ಎಂದಿತು. ಕಸುಬಿನ ಗತ್ತು ಎಲ್ಲಿತ್ತೋ, ಒಮ್ಮೆಗೇ ಬಂದುಬಿಟ್ಟಿತು. "ಆಗುತ್ತದೆ ಅಕ್ಕ! ಆದರೆ ಮೀಸೆಯಿಂದ ಒತ್ತಬೇಡಿ. ಬೆನ್ನಿನಿಂದ ಒತ್ತಿ!" ಎಂದು ಕೂಗಿದೆ.

ಕೂಗಿ ತಿರುಗಿದರೆ ಬಾಗಿಲಲ್ಲಿ ಹೆಂಡತಿ. ಬೆಳಿಗ್ಗೆ ನಾನು ಮರೆತು ಬಂದ ಬುತ್ತಿಯನ್ನು ಕುಂಭಾಶಿಯಿಂದ ಬಸ್ಸಿನಲ್ಲಿ ತಂದಿದ್ದಳು. ನನ್ನನ್ನು ನೋಡಿದಳು, ನನ್ನ ಕೈಯಲ್ಲಿದ್ದದ್ದನ್ನು ನೋಡಿದಳು.

"ಡಿಸೈನ್ ಮಾಡ್ತಿದ್ದೆ" ಎಂದೆ.

ಅವಳು ಬುತ್ತಿಯನ್ನು ಮೇಜಿನ ಮೇಲಿಡಲಿಲ್ಲ. ಅದೇ ಬಸ್ಸಿನಲ್ಲಿ ವಾಪಸು ತೆಗೆದುಕೊಂಡು ಹೋದಳು.